ವೋಟಿಲ್ಲದವನ ಹೌದು

ಜನವರಿ ಬಂತೆಂದರೆ ವರ್ಲಿನ್ ಓಪ್‌ಡಾಲ್‌ಗೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ಹೊರಗೆ ಉಗುಳಿದರೆ ನೆಲ ಮುಟ್ಟುವ ಮೊದಲೇ ಗಟ್ಟಿಯಾಗುವ ಚಳಿ. ರಾತ್ರಿಯಿಡೀ ಇಂಜಿನ್ನಿಗೆ ಕರೆಂಟಿನ ವೈರು ಸಿಕ್ಕಿಸಿಟ್ಟರೆ ಮಾತ್ರ ಬೆಳಿಗ್ಗೆ ಕಾರು ಕೆಮ್ಮುತ್ತಾ ಕಣ್ಣು ಬಿಡುವ ಕಾಲ. ಬುದ್ಧಿ ನೆಟ್ಟಗಿರುವವರು ಇಂಥ ದಿನಗಳಲ್ಲಿ ಹೊಸ್ತಿಲು ದಾಟುವುದಿಲ್ಲ. ಆದರೆ ನಾರ್ತ್ ಡಕೋಟದ ಶಾಸಕರಿಗೆ ಎರಡು ವರ್ಷಕ್ಕೊಮ್ಮೆ ಇದೇ ಕಾಲದಲ್ಲಿ ರಾಜಧಾನಿ ಬಿಸ್ಮಾರ್ಕ್‌ನಲ್ಲಿ ಅಧಿವೇಶನ. ಹೊಲದಲ್ಲಿ ಕೆಲಸವಿಲ್ಲದಾಗ ಕಾನೂನು ಮಾಡಿ ಮುಗಿಸಿ, ಬಿತ್ತನೆಗೆ ಮೊದಲು ಮನೆ ಸೇರಿಕೊಳ್ಳಿ ಎಂದು ಹಿರಿಯರು ಮಾಡಿಟ್ಟ ಏರ್ಪಾಡು. ಹದಿನಾರು ವರ್ಷ ವರ್ಲಿನ್ ಹಾಗೆ ಹೋಗಿ ಬಂದವನು. ಸೋತು ಆರು ವರ್ಷವಾಗಿದೆ. ಆದರೂ ಜನವರಿ ಬಂದರೆ ಬೂಟಿಗೆ ಪಾಲಿಶ್ ಹಾಕಲು ಕೂರುತ್ತಾನೆ.

“ತವರಿಗೆ ಹೊರಟವರ ಸಡಗರ ನೋಡು,” ಎಂದಳು ಹೆಂಡತಿ ಕ್ಯಾರಲೀ, ಒಲೆಯ ಮುಂದಿನಿಂದ. “ಅಲ್ಲಿ ಯಾರು ನಿಂಗೆ ಆರತಿ ಹಿಡ್ಕೊಂಡು ಕಾಯ್ತಾ ಇರೋದು?”

“ಕೆಲಸ ಇದೆ ಕಣೇ. ಮೆಡೋಲಾರ್ಕಿನ ಮಕ್ಕಳ ಮನೆ ಕೆಲಸ.”

“ಮಕ್ಕಳ ಮನೆ ಕೆಲಸಕ್ಕೆ ಮಕ್ಕಳ ಮನೆಗೆ ಹೋಗ್ಬೇಕು. ನೀನು ಕುರ್ಚಿ ನೋಡೋಕೆ ಹೋಗ್ತಿದೀಯ. ಹೋಗು, ನೋಡ್ಕೊಂಡು ಬಾ. ಕಿವಿ ಮುಚ್ಕೋ, ಟೋಪಿ ಅಲ್ಲಿದೆ.”

ನಲವತ್ತು ವರ್ಷ ಜೊತೆಗೆ ಬಾಳಿದವಳು. ಅವಳ ಹತ್ತಿರ ಸುಳ್ಳು ನಡೆಯುವುದಿಲ್ಲ.

ವರ್ಲಿನ್ ಮೊದಲಿಗೆ ದನದ ಹರಾಜು ಕೂಗುವವನು. ಮೈಕು ಕೆಟ್ಟರೂ ಅಂಗಳದ ಕೊನೆಯ ಹೋರಿಗೆ ತನ್ನ ಬೆಲೆ ತಾನೇ ಕೇಳಿಸಬೇಕು, ಅಂಥ ಗಂಟಲು. ಆ ಗಂಟಲೇ ಅವನನ್ನು ಸದನಕ್ಕೆ ಕಳಿಸಿತು. ಕೊನೆಗೆ ಮನೆಗೆ ಕಳಿಸಿದ್ದೂ ಅದೇ. ಅವನ ಪಕ್ಷದವನೇ ಆದ ಕೋಲ್ಟನ್ ಬ್ರೋಸ್ ಎಂಬ ಯುವಕ, ಬೆಳೆವಿಮೆ ಮಾರುವವನು, ಒಳಚುನಾವಣೆಯಲ್ಲಿ ಎದುರು ನಿಂತು ಊರೆಲ್ಲ ಒಂದು ಫಲಕ ನೆಡಿಸಿದ: ‘ಗಂಟಲು ಸಾಕು, ಕೆಲಸ ಬೇಕು.’ ಜನ ನಕ್ಕರು, ನಕ್ಕವರು ವೋಟನ್ನೂ ಹಾಕಿದರು. ಆ ಸೋಲಿನ ಚಳಿಗಾಲದಲ್ಲೇ ಮೆಡೋಲಾರ್ಕ್ ಮಕ್ಕಳ ಮನೆಯವರು ಬಂದು, ನಮಗೊಬ್ಬ ನಿರ್ದೇಶಕ ಬೇಕು ಎಂದರು. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕ ಹಾಗೆ ಅವನು ಹಿಡಿದುಕೊಂಡ. ಹಿಡಿದ ಮೇಲೆ ಅದು ಹುಲ್ಲುಕಡ್ಡಿ ಅಲ್ಲ, ಮರ ಎಂದು ಗೊತ್ತಾಯಿತು.

ಅಪ್ಪ ಅಮ್ಮನ ಹತ್ತಿರ ಇರಲಾಗದ ಮಕ್ಕಳನ್ನು ಜಿಲ್ಲೆಯ ಅಧಿಕಾರಿಗಳು ಕರೆತಂದು ಬಿಡುವ ಜಾಗ ಅದು. ಯಾವುದಾದರೂ ಸಾಕುಮನೆ ಸಿಗುವವರೆಗೆ ಅಲ್ಲಿರುತ್ತಾರೆ. ಕೆಲವರಿಗೆ ಸಿಗುವುದೇ ಇಲ್ಲ. ವರ್ಲಿನ್ ಅಲ್ಲಿ ಹೀಟರು ರಿಪೇರಿ ಮಾಡಿಸಿದ, ದಾನಿಗಳನ್ನು ಹಿಡಿದು ತಂದ, ಬಸ್ಸು ಕೊಂಡ. ಮಕ್ಕಳಿಗೆ ಇದೆಲ್ಲ ಲೆಕ್ಕಕ್ಕಿಲ್ಲ. ಅವರಿಗೆ ಬೇಕಾದ್ದು ಊಟದ ಕೊನೆಗೆ ತಟ್ಟೆಯಲ್ಲಿ ಉಳಿದ ಒಂದೇ ತುಂಡು ಕೂಕನ್ನನ್ನು, ಮೇಲೆ ಕೆನೆ, ಒಳಗೆ ಒಣಹಣ್ಣು ಹಾಕಿದ ಆ ಕೇಕನ್ನು, ಅವನು ಹರಾಜು ಹಾಕುವುದು. “ಎರಡು ಪಾತ್ರೆ ತೊಳೆಯೋದು ಎರಡು ಎರಡು, ಮೂರು ಯಾರು, ಮೂರು ಪಾತ್ರೆ ಮೂರು ಮೂರು, ನೀಲಿ ಸ್ವೆಟರಮ್ಮ ನಾಲ್ಕು ಅಂತಾಳೆ ನಾಲ್ಕು!” ಎಂದು ಉಸಿರು ಬಿಡದೆ ಕೂಗುತ್ತಿದ್ದರೆ ಕಿಟಕಿಯ ಗಾಜು ನಡುಗುತ್ತಿತ್ತು. ಅವನ ಹೆಸರು ಅಲ್ಲಿ ಹರಾಜು ತಾತ.

ಆ ನೀಲಿ ಸ್ವೆಟರಿನವಳು ಶೆಲ್ಬಿ. ಹನ್ನೊಂದು ವರ್ಷ. ತಮ್ಮ ವ್ಯಾಟ್‌ಗೆ ನಾಲ್ಕು. ಜಿಲ್ಲೆಯವರು ಇಬ್ಬರನ್ನೂ ಒಂದೇ ದಿನ ಮನೆಯಿಂದ ಕರೆದೊಯ್ದರು, ಎರಡು ಕಾರಿನಲ್ಲಿ. ಒಂದು ಇತ್ತ ಬಂತು, ಇನ್ನೊಂದು ಪಶ್ಚಿಮಕ್ಕೆ ವಿಲಿಸ್ಟನ್ ಕಡೆ ಹೋಯಿತು. ಅಲ್ಲಿ ಒಬ್ಬ ಚಿಕ್ಕ ಹುಡುಗನಿಗೆ ಮಾತ್ರ ಜಾಗವಿದ್ದ ಒಳ್ಳೆಯ ಸಾಕುಮನೆ ಇತ್ತಂತೆ. ಆ ಮನೆಯವರು ಕೆಟ್ಟವರಲ್ಲ. ಅದನ್ನೇ ಎಲ್ಲರೂ ಶೆಲ್ಬಿಗೆ ಹೇಳುತ್ತಿದ್ದರು.

“ಒಳ್ಳೆಯೋರೇ ಇರ್ಬಹುದು,” ಎನ್ನುತ್ತಿದ್ದಳು ಅವಳು. “ಆದ್ರೆ ಅವನು ಸೂಪಲ್ಲಿ ಕ್ಯಾರೆಟ್ ಇದ್ರೆ ತಿನ್ನಲ್ಲ, ಪಕ್ಕಕ್ಕೆ ಎತ್ತಿಡ್ಬೇಕು. ಅದು ಅವರಿಗೆ ಗೊತ್ತಾ? ಯಾರು ಹೇಳಿದಾರೆ?”

ಭಾನುವಾರ ಫೋನಿನಲ್ಲಿ ಮಾತಾಡಿಸುತ್ತಿದ್ದರು. ಕ್ರಿಸ್‌ಮಸ್ ಕಳೆದ ಒಂದು ಭಾನುವಾರ ಅವಳು ‘ವ್ಯಾಟ್, ನಾನು ಕಣೋ’ ಎಂದಾಗ ಆ ಕಡೆಯಿಂದ ‘ನಾನು ಅಂದ್ರೆ ಯಾರು?’ ಎಂದು ಪುಟ್ಟ ದನಿ ಕೇಳಿತು. ಶೆಲ್ಬಿ ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಎದ್ದು ಹೋದಳು. ಅವತ್ತು ಸಂಜೆ ಅವಳು ಹರಾಜಿಗೆ ಕೈ ಎತ್ತಲಿಲ್ಲ. ವರ್ಲಿನ್‌ನ ಗಂಟಲೂ ಏಳಲಿಲ್ಲ.

“ತಾತ, ನೀನು ಮೊದ್ಲು ಕಾನೂನು ಮಾಡ್ತಿದ್ದೆ ಅಂತಾರಲ್ಲ, ನಿಜಾನಾ?” ಎಂದು ಮಾರನೆಯ ದಿನ ಕೇಳಿದಳು.

“ನಿಜ ಕಣಮ್ಮ.”

“ಮತ್ತೆ ಇದಕ್ಕೊಂದು ಮಾಡಲ್ವಾ?”

ಆ ಒಂದು ಮಾತಿಗೆ ಅವನು ಆ ಚಳಿಗಾಲವೆಲ್ಲ ದುಡಿದ. ಅಣ್ಣ ತಮ್ಮ ಅಕ್ಕ ತಂಗಿಯರನ್ನು ಮನೆಯಿಂದ ತೆಗೆದರೆ ಒಟ್ಟಿಗೇ ಇಡಬೇಕು, ಆಗದಿದ್ದರೆ ಏಕೆ ಆಗಲಿಲ್ಲ ಎಂದು ನ್ಯಾಯಾಧೀಶರ ಮುಂದೆ ಹೇಳಬೇಕು. ಇಷ್ಟೇ ಷರತ್ತು. ಮಕ್ಕಳ ಮಸೂದೆಯೊಂದರಲ್ಲಿ ಅದನ್ನು ಸೇರಿಸಿದ್ದರು. ಸಮಿತಿಯಲ್ಲಿ ಅಧಿಕಾರಿಗಳು ಬಂದು ‘ಆಗದ ಮಾತು, ಅಷ್ಟು ದೊಡ್ಡ ಸಾಕುಮನೆಗಳು ಎಲ್ಲಿವೆ’ ಎಂದು ತಲೆಯಾಡಿಸಿದರು. ಬಹುಮತ ಪಕ್ಷದ ನಾಯಕರೂ ತಲೆಯಾಡಿಸಿದರು. ಷರತ್ತಿಗೆ ಕತ್ತರಿ ಬಿತ್ತು.

ಈಗ ಅದನ್ನು ಮತ್ತೆ ಹೊಲಿಯಲು ಹೊರಟವಳು ಡೆಲ್ಫೀನ್ ವೆಟ್ಝೆಲ್. ಹದಿನಾರು ವರ್ಷ ವರ್ಲಿನ್‌ನ ಪಕ್ಕದ ಮೇಜಿನಲ್ಲಿ ಕೂತಿದ್ದವಳು, ಈಗಲೂ ಸದನದ ಸದಸ್ಯೆ. ಶಾಲೆಯ ಅಡುಗೆಮನೆ ನಡೆಸಿ ನಿವೃತ್ತಳಾದ ರೈತನ ವಿಧವೆ, ನಾಲಿಗೆ ಕುಡುಗೋಲು. ಸದನದ ಬಾಗಿಲಲ್ಲಿ ಅವನನ್ನು ತಡೆದು ನಿಲ್ಲಿಸಿದಳು.

“ಎಷ್ಟು ಸಲ ಹೇಳ್ಬೇಕೋ ನಿಂಗೆ? ನೀಲಿ ಬ್ಯಾಡ್ಜ್ ತಗೋ ಮಾರಾಯ. ತಗೊಂಡು ಒಬ್ಬೊಬ್ಬರನ್ನೇ ಹಿಡಿದು ಮಾತಾಡು. ನಿನ್ನ ಮಕ್ಕಳ ಕಥೆ ನಾನು ಹೇಳಿದ್ರೆ ಬೇರೆ, ನೀನು ಹೇಳಿದ್ರೆ ಬೇರೆ.”

ನೀಲಿ ಬ್ಯಾಡ್ಜ್ ಎಂದರೆ ಲಾಬಿ ಮಾಡುವವರ ಗುರುತು. ಎಣ್ಣೆ ಕಂಪನಿಯವನಿರಲಿ, ಮಕ್ಕಳ ಮನೆಯವನಿರಲಿ, ಶಾಸಕರ ಹತ್ತಿರ ಒಂದು ಕೆಲಸ ಆಗಬೇಕೆಂದು ಮಾತಾಡುವವನು ಅದನ್ನು ಎದೆಗೆ ಚುಚ್ಚಿಕೊಳ್ಳಬೇಕು. ಚುಚ್ಚಿಕೊಂಡವನು ಸದನದ ಬಾಗಿಲ ಮುಂದೆ ಕಟ್ಟಿದ ಕೆಂಪು ಹಗ್ಗದ ಆಚೆ ನಿಲ್ಲಬೇಕು. ಚೀಟಿ ಬರೆದು ಒಳಗೆ ಕಳಿಸಿದರೆ, ಮನಸ್ಸಿದ್ದ ಶಾಸಕರು ಹೊರಗೆ ಬರುತ್ತಾರೆ. ಬ್ಯಾಡ್ಜ್ ಇಲ್ಲದ ಮಾಜಿ ಶಾಸಕನಿಗೆ ಬೇರೆಯೇ ಮರ್ಯಾದೆ. ಅವನು ಬದುಕಿರುವವರೆಗೂ ಹಗ್ಗ ದಾಟಿ ಒಳಗೆ ಹೋಗಬಹುದು, ಹಿಂದಿನ ಗೋಡೆಗೆ ಒರಗಿಸಿಟ್ಟ ಚರ್ಮದ ಕುರ್ಚಿಗಳಲ್ಲಿ ಕೂರಬಹುದು. ಬಾಯಿ ಮಾತ್ರ ತೆರೆಯುವ ಹಾಗಿಲ್ಲ. ಒಮ್ಮೆ ಬ್ಯಾಡ್ಜ್ ಹಾಕಿದನೋ, ಆ ಕುರ್ಚಿಯ ಋಣ ತೀರಿತು.

“ಒಳಗೆ ಕೂತಿದ್ರೇ ನನ್ನ ಮಾತಿಗೆ ತೂಕ ಡೆಲ್ಫೀನ್,” ಎಂದ ವರ್ಲಿನ್. “ಮುಖ ನೋಡಿದ್ರೆ ಅವರಿಗೆ ನಾಚಿಕೆ ಆಗತ್ತೆ.”

“ಮುಖ ನೋಡಿ ನಾಚೋ ಜನಾನಾ ಇದು? ಸರಿ, ಹಾಳಾಗ್ಲಿ. ಇವತ್ತು ಕೇಳು. ನಾನು ತಿದ್ದುಪಡಿ ತರ್ತೀನಿ. ತಿದ್ದುಪಡಿಗೆ ಬಾಯಲ್ಲೇ ವೋಟು. ಬಾಯಲ್ಲಾದ್ರೆ ಗೆದ್ವಿ, ಬೋರ್ಡಲ್ಲಾದ್ರೆ ಸತ್ವಿ. ಅರ್ಧ ಜನಕ್ಕೆ ಒಳಗೊಳಗೇ ಮನಸ್ಸಿದೆ, ನಾಯಕರ ಭಯಾನೂ ಇದೆ. ಗುಂಪಲ್ಲಿ ಕೂಗಿದ್ರೆ ಯಾರ ದನಿ ಅಂತ ಯಾರಿಗೆ ಗೊತ್ತು? ಬೋರ್ಡಲ್ಲಿ ಒಬ್ಬೊಬ್ಬರ ಹೆಸರಿನ ಪಕ್ಕಾನೂ ದೀಪ ಹತ್ತತ್ತೆ. ನೀನು ಮಾತ್ರ ಇವತ್ತು ಮೇಲೆ ಗ್ಯಾಲರೀಲಿ ಕೂತ್ಕೋ.”

“ಯಾಕೆ?”

“ಯಾಕೋ. ನಂಗೆ ನಿನ್ನ ಗಂಟಲು ಗೊತ್ತು.”

ಅವನು ನಕ್ಕುಬಿಟ್ಟ. ಗ್ಯಾಲರಿ ಶಾಲಾ ಮಕ್ಕಳಿಗೆ, ಪ್ರವಾಸಿಗಳಿಗೆ ಇರುವುದು. ಬಾಗಿಲು ಕಾಯುವ ಓರ್ಲಿನ್, ಗೋಧಿ ಗೋದಾಮಿನಲ್ಲಿ ದುಡಿದು ಬೆನ್ನು ಬಗ್ಗಿದ ಮುದುಕ, ಹಗ್ಗದ ಕೊಕ್ಕೆ ಬಿಚ್ಚಿ, “ಬನ್ನಿ ಶಾಸಕರೇ” ಎಂದ. ಆ ಒಂದು ಕರೆಗೆ ವರ್ಲಿನ್ ಇಡೀ ರಾಜ್ಯ ದಾಟಿ ಬರಲು ತಯಾರಿದ್ದ. ಒಳಗೆ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತ.

ಅಲ್ಲಿಂದ ಅವನಿಗೆ ಕಾಣುತ್ತಿದ್ದದ್ದು ತನ್ನ ಮೇಜು. ಅದರ ಮೇಲಿನ ಎರಡು ಗುಂಡಿ, ಹಸಿರೊಂದು ಕೆಂಪೊಂದು. ಅದರ ಹಿಂದೆ ಈಗ ಕೋಲ್ಟನ್ ಬ್ರೋಸ್‌ನ ಚೊಕ್ಕಟವಾಗಿ ಕತ್ತರಿಸಿದ ಕೂದಲು. ಮಾನ, ಸಂಬಳ, ಭಾಷಣ, ಯಾವುದೂ ವರ್ಲಿನ್‌ಗೆ ಬೇಕಿರಲಿಲ್ಲ. ಸಂಬಳವಂತೂ ಆಗಲೂ ಪೆಟ್ರೋಲಿಗೆ ಸಾಲುತ್ತಿರಲಿಲ್ಲ. ಅವನಿಗೆ ಬೇಕಿದ್ದದ್ದು ಹೌದು ಎಂದರೆ ಲೆಕ್ಕಕ್ಕೆ ಬರುವ ಆ ಹೌದು. ಅದಕ್ಕಾಗಿ ಅವನು ಹಂಬಲಿಸುತ್ತಿದ್ದ, ನಾಚಿಕೆಯಿಲ್ಲದೆ, ಊರು ಬಿಟ್ಟ ಮಗು ಊರಿಗೆ ಹಂಬಲಿಸಿದ ಹಾಗೆ.

ಡೆಲ್ಫೀನ್ ಎದ್ದಳು. ಚಿಕ್ಕದಾಗಿ, ಚೊಕ್ಕವಾಗಿ ಮಾತಾಡಿದಳು. ಅಡುಗೆಮನೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಬಡಿಸಿದ್ದೇನೆ, ತಮ್ಮನ ತಟ್ಟೆ ತುಂಬಿತೇ ಎಂದು ತಿರುಗಿ ನೋಡದೆ ಉಂಡ ಅಕ್ಕನನ್ನು ಕಾಣಲಿಲ್ಲ ಎಂದಳು. ಕೂತಳು. ಯಾರೂ ಎದುರು ಮಾತಾಡಲಿಲ್ಲ. ನಾಯಕರು ಕಾಗದ ತಿರುವುತ್ತಿದ್ದರು.

ಸಭಾಧ್ಯಕ್ಷರು ಎಂದಿನ ದನಿಯಲ್ಲಿ ಕೇಳಿದರು. “ತಿದ್ದುಪಡಿ ಸದನದ ಮುಂದಿದೆ. ಒಪ್ಪುವವರು ಹೌದು ಎನ್ನಿ.”

ಅರ್ಧ ಉಸಿರಿನಷ್ಟು ಹೊತ್ತು ಮೌನ. ಮೊದಲು ಯಾರು ಬಾಯಿ ಬಿಡುವುದು ಎಂದು ಎಲ್ಲರೂ ಒಬ್ಬರನ್ನೊಬ್ಬರು ಕಾಯುವ ಮೌನ ಅದು. ಹದಿನಾರು ವರ್ಷ ಆ ಮೌನವನ್ನು ತುಂಬಿದ್ದು ಒಂದೇ ಗಂಟಲು. ಹೆದರುವವರು, ಅನುಮಾನಿಸುವವರು, ಎಲ್ಲರೂ ಅದು ಏಳಲಿ ಎಂದು ಕಾದು, ಅದರ ಹಿಂದೆ ತಮ್ಮ ದನಿ ಸೇರಿಸುತ್ತಿದ್ದರು. ಡೆಲ್ಫೀನ್ ಆಗಷ್ಟೇ ಉಸಿರು ಎಳೆದುಕೊಳ್ಳುತ್ತಿದ್ದಳು.

“ಹೌದು!”

ಹಿಂದಿನ ಗೋಡೆಯಿಂದ ಗುಡುಗು ಹೊರಟಿತು. ವರ್ಲಿನ್ ಕೂತಲ್ಲೇ ಕೂತಿದ್ದ. ಬಾಯಿ ಮಾತ್ರ ತೆರೆದಿತ್ತು. ಅದರ ಹಿಂದೆಯೇ ಎಡ ಬಲ ಎಲ್ಲೆಡೆಯಿಂದ ಹೌದು ಹೌದು ಎಂದು ದನಿಗಳು ನುಗ್ಗಿ ಬಂದವು. ಆ ಸದನದಲ್ಲಿ ಅಂಥ ಹೌದನ್ನು ಅವನೂ ಕೇಳಿರಲಿಲ್ಲ. ಒಂದು ಕ್ಷಣ, ನಿಜ ಹೇಳಬೇಕೆಂದರೆ, ಅವನಿಗೆ ಸಂತೋಷದಿಂದ ಕಣ್ಣು ಮಂಜಾಯಿತು. ಅಲ್ಲವೆಂದವರು ನಾಲ್ಕೈದು ಮಂದಿ. ಅಧ್ಯಕ್ಷರು ಸುತ್ತಿಗೆ ಎತ್ತಿದರು.

ಕೋಲ್ಟನ್ ಬ್ರೋಸ್ ಎದ್ದು ನಿಂತ.

“ಕ್ರಿಯಾಲೋಪ, ಅಧ್ಯಕ್ಷರೇ. ಮೊದಲು ಕೇಳಿದ ಹೌದು ಸದಸ್ಯರದ್ದಲ್ಲ.”

ಅವನು ಹಿಂದೆ ತಿರುಗಲಿಲ್ಲ, ಬೆರಳು ತೋರಲಿಲ್ಲ. ತೋರುವ ಅಗತ್ಯವೇ ಇರಲಿಲ್ಲ. ಆ ದನಿ ಯಾರದ್ದೆಂದು ಆ ರಾಜ್ಯದ ದನಗಳಿಗೂ ಗೊತ್ತು. ಯಾರೋ ಕಿಸಕ್ಕೆಂದರು, ಇನ್ಯಾರೋ ನಕ್ಕರು, ನಗು ಸಾಲಿನಿಂದ ಸಾಲಿಗೆ ಹರಡಿತು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರಲ್ಲ, ವರ್ಲಿನ್‌ನ ಕಿವಿಯ ತುದಿಯವರೆಗೆ ಬಣ್ಣವೇರಿತು. ಅಧ್ಯಕ್ಷರು ನಗಲಿಲ್ಲ. ಹೊರಗಿನವರ ದನಿ ಸೇರಿದ ಮತ ಮತವಲ್ಲ, ಬೋರ್ಡಿನ ಮೇಲೆ ಮತ್ತೊಮ್ಮೆ ತೆಗೆದುಕೊಳ್ಳೋಣ ಎಂದರು. ನಿಯಮ ಹಾಗೇ ಇತ್ತು.

ಗೋಡೆಯ ಮೇಲೆ ಹೆಸರುಗಳ ಮುಂದೆ ದೀಪ ಹತ್ತತೊಡಗಿದವು. ನಾಯಕರು ಕಾಗದ ಪಕ್ಕಕ್ಕಿಟ್ಟು, ಕುರ್ಚಿ ತಿರುಗಿಸಿ, ಬೋರ್ಡನ್ನೇ ನೋಡುತ್ತಾ ಕೂತರು. ಈಗಷ್ಟೇ ಹೌದೆಂದು ಕೂಗಿದ ಬಾಯಿಗಳ ಕೈ ಕೆಂಪು ಗುಂಡಿ ಹುಡುಕಿತು. ಕೋಲ್ಟನ್‌ನದೂ ಕೆಂಪು. ನಾಲ್ಕು ವೋಟಿನ ಅಂತರದಲ್ಲಿ ತಿದ್ದುಪಡಿ ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅದೂ ಬಾಯಿಯ ದೆಸೆಯಿಂದಲೇ.

ಹೊರಗೆ ಮೆಟ್ಟಿಲ ಹತ್ತಿರ ಡೆಲ್ಫೀನ್ ಅವನನ್ನು ಹಿಡಿದಳು. ಬೈಯುತ್ತಾಳೆಂದು ಅವನು ಕಾದ. ಅವಳು ಬೈಯಲಿಲ್ಲ. ಅದೇ ಹೆಚ್ಚು ಚುಚ್ಚಿತು.

“ಬೇಕಂತ ಮಾಡ್ಲಿಲ್ಲ ಡೆಲ್ಫೀನ್.”

“ಗೊತ್ತು ಕಣೋ. ನಾಯಿಗೆ ಬೊಗಳಬೇಡ ಅಂತ ಹೇಳಿ ಗೇಟಲ್ಲಿ ಕಟ್ಟಿದ ಹಾಗಾಯ್ತು. ತಪ್ಪು ನಂದೇ, ನಿನ್ನ ಕೂದಲು ಹಿಡಿದು ಗ್ಯಾಲರಿಗೆ ಎಳೀಬೇಕಿತ್ತು.” ಮೂಗು ಒರೆಸಿಕೊಂಡಳು. “ಮಸೂದೆ ಸೆನೆಟ್‌ಗೆ ಹೋಗತ್ತೆ. ಅಲ್ಲಿ ನಮ್ಮೋರು ಇದಾರೆ, ಷರತ್ತು ಮತ್ತೆ ಸೇರಿಸ್ತಾರೆ. ಆಮೇಲೆ ಒಪ್ಪಿಗೆಗೆ ಇಲ್ಲಿಗೇ ಬರತ್ತೆ. ಆಗ ಬಾಯಲ್ಲಿಲ್ಲ, ಬೋರ್ಡೇ. ಒಂದೊಂದು ದೀಪಾನೂ ಮಾತಾಡಿಸಿ ಗೆಲ್ಲಬೇಕು.”

“ನೀನು ಮಾತಾಡು.”

“ನಾನು ಮಾತಾಡಿ ಆಯ್ತಲ್ಲ,” ಎಂದು ಅವಳು ಒಳಗೆ ಹೋದಳು.

ಮೆಡೋಲಾರ್ಕ್ ತಲುಪುವಾಗ ಮಕ್ಕಳು ಶಾಲೆಯಿಂದ ಬಂದು ಬೂಟು ಕಳಚುತ್ತಿದ್ದರು. ಶೆಲ್ಬಿ ಒಂದು ಕಾಲಿನ ಬೂಟಿನಲ್ಲೇ ಓಡಿ ಬಂದಳು.

“ಆಯ್ತಾ?”

ದಾರಿಯುದ್ದಕ್ಕೂ ಏನು ಹೇಳುವುದೆಂದು ಹೊಂದಿಸಿಕೊಂಡಿದ್ದದ್ದೆಲ್ಲ ಮರೆತುಹೋಯಿತು. “ಇಲ್ಲ ಕಣಮ್ಮ. ನಾನು ಕೆಡಿಸಿದೆ. ಹೌದು ಅಂತ ಕೂಗಿಬಿಟ್ಟೆ. ನಾನು ಕೂಗೋ ಹಾಗಿರ್ಲಿಲ್ಲ.”

“ಹೌದು ಅಂದ್ರೆ ಒಳ್ಳೇದಲ್ವಾ?”

“ಅಲ್ಲಿರೋರು ಅಂದ್ರೆ ಒಳ್ಳೇದು. ನಾನೀಗ ಅಲ್ಲಿಯವನಲ್ಲ.”

“ಮತ್ತೆ ಯಾಕೆ ಅಲ್ಲಿ ಕೂತಿದ್ದೆ?”

ಡೆಲ್ಫೀನ್ ಕೇಳಿದ್ದರೆ ಅವನ ಹತ್ತಿರ ಉತ್ತರವಿತ್ತು. ಮುಖ, ತೂಕ, ಮರ್ಯಾದೆ, ಏನಾದರೂ. ಈ ಹುಡುಗಿಯ ಮುಂದೆ ಒಂದೂ ನಿಲ್ಲಲಿಲ್ಲ.

“ನಂಗೆ ಅಲ್ಲಿ ಕೂರೋದು ಅಂದ್ರೆ ಇಷ್ಟ,” ಎಂದ.

ಶೆಲ್ಬಿ ಅವನನ್ನೇ ನೋಡಿದಳು. ಕೋಪವಿರಲಿಲ್ಲ.

“ನಂಗೂ ವ್ಯಾಟ್ ಪಕ್ಕ ಕೂರೋದು ಅಂದ್ರೆ ಇಷ್ಟ,” ಎಂದಳು. ಇನ್ನೊಂದು ಬೂಟು ಕಳಚಿ, ಜೋಡಿಯಾಗಿ ಗೋಡೆಗೆ ಒರಗಿಸಿಟ್ಟು, ಒಳಗೆ ಹೋದಳು.

ವರ್ಲಿನ್ ಅಲ್ಲೇ ಬೆಂಚಿನ ಮೇಲೆ ಕೂತ. ಒಂದು ಕುರ್ಚಿಗಾಗಿ ತಾನು ಇಷ್ಟು ಹಂಬಲಿಸಿದ್ದೇನೆ, ಈ ಮಗು ಎದೆಯಲ್ಲಿ ಏನು ಹೊತ್ತುಕೊಂಡು ದಿನಾ ಶಾಲೆಗೆ ಹೋಗಿ ಬರುತ್ತಿದೆ ಎಂದು ಮೊದಲ ಬಾರಿಗೆ ಅವನಿಗೆ ನೆಟ್ಟಗೆ ಹೊಳೆಯಿತು. ಹೊಳೆದದ್ದು ಸುಖವಾಗಿರಲಿಲ್ಲ.

ಮಾರ್ಚ್‌ನಲ್ಲಿ ಸೆನೆಟ್‌ನವರು ಷರತ್ತನ್ನು ಸೇರಿಸಿ ಮಸೂದೆಯನ್ನು ಹಿಂದಕ್ಕೆ ಕಳಿಸಿದರು. ಆ ವಾರ ವರ್ಲಿನ್ ಕೆಳಗಿನ ಕಚೇರಿಗೆ ಹೋಗಿ ಸಹಿ ಹಾಕಿ ನೀಲಿ ಬ್ಯಾಡ್ಜ್ ತೆಗೆದುಕೊಂಡ. ಅಲ್ಲಿದ್ದ ಗುಮಾಸ್ತೆ, “ಇದು ಹಾಕಿದ್ರೆ ಒಳಗೆ ಬಿಡಲ್ಲ, ಗೊತ್ತಲ್ವಾ?” ಎಂದಳು. ಗೊತ್ತು ಎಂದ. ಮೇಲೆ ಬಂದಾಗ ಓರ್ಲಿನ್ ಅಭ್ಯಾಸದಂತೆ ಹಗ್ಗದ ಕೊಕ್ಕೆಗೆ ಕೈ ಹಾಕಿದವನು, ಎದೆಯ ಮೇಲಿನ ನೀಲಿ ನೋಡಿ ಕೈ ಹಿಂದಕ್ಕೆಳೆದ.

“ಉಫ್ ದಾ,” ಎಂದ ಮುದುಕ, ಅಯ್ಯಯ್ಯೋ ಎನ್ನುವ ಹಾಗೆ. “ಏನು ಮಾಡ್ಕೊಂಡ್ರಿ ಇದು?”

“ಕೊಕ್ಕೆ ಹಾಕೇ ಇರ್ಲಿ ಓರ್ಲಿನ್. ಒಂದು ಚೀಟಿ ಕೊಡಿ.”

ಎಣ್ಣೆಯವರು, ಬ್ಯಾಂಕಿನವರು, ಸಕ್ಕರೆ ಬೀಟಿನವರ ನಡುವೆ ನಿಂತು ಅವನು ಒಬ್ಬೊಬ್ಬರ ಹೆಸರನ್ನೇ ಬರೆದ. ಕೆಲವರು ಬಂದರು, ಕೆಲವರು ಬರಲಿಲ್ಲ. ಬಂದವರು ಮೊದಲು ಆ ಹೌದಿನ ತಮಾಷೆ ತೆಗೆಯುತ್ತಿದ್ದರು. ಅವನೂ ಅವರ ಜೊತೆ ನಕ್ಕು, ನಗು ಮುಗಿದ ಮೇಲೆ ಶೆಲ್ಬಿಯ ವಿಷಯ ಹೇಳುತ್ತಿದ್ದ. ಎಲ್ಲಕ್ಕಿಂತ ಕಷ್ಟವಾದ ಹೆಸರನ್ನು ಕೊನೆಗೆ ಬರೆದ. ಚೀಟಿ ಒಳಗೆ ಹೋಗಿ ಬಹಳ ಹೊತ್ತಾಯಿತು. ಬರುವುದಿಲ್ಲವೆಂದು ಅವನು ಟೋಪಿಗೆ ಕೈ ಹಾಕುವಾಗ ಕೋಲ್ಟನ್ ಬ್ರೋಸ್ ಬಂದ.

“ನೀವು, ಹಗ್ಗದಿಂದಾಚೆ?” ಎಂದ. ಆಮೇಲೆ ಕೆನ್ನೆ ಕೆರೆದುಕೊಂಡ. “ಅವತ್ತು ನಾನು ಎದ್ದದ್ದು ನಿಮ್ಮ ಮೇಲಿನ ಸಿಟ್ಟಿಗಲ್ಲ. ನಿಯಮ ಇತ್ತು.”

“ನೀವು ಎದ್ದದ್ದು ಸರಿ. ಆ ಜಾಗದಲ್ಲಿ ನಾನಿದ್ರೂ ಏಳ್ತಿದ್ದೆ.”

ವರ್ಲಿನ್ ಮಾತಾಡಿದ. ಭಾಷಣ ಮಾಡಲಿಲ್ಲ. ಎರಡು ಕಾರು ಎರಡು ದಿಕ್ಕಿಗೆ ಹೋದದ್ದು, ಸೂಪಿನ ಕ್ಯಾರೆಟ್ಟು, ಫೋನಿನಲ್ಲಿ ‘ನಾನು ಅಂದ್ರೆ ಯಾರು’ ಎಂದು ಕೇಳಿದ ದನಿ, ಇಷ್ಟನ್ನೇ ಹೇಳಿದ. ಅಷ್ಟು ಮೆಲ್ಲಗೆ ಹೇಳಿದನೆಂದರೆ ಕೋಲ್ಟನ್ ಹಗ್ಗದ ಮೇಲೆ ಬಾಗಿ ಕೇಳಬೇಕಾಯಿತು. ಒಳಗೆ ಗಂಟೆ ಹೊಡೆಯಿತು.

“ಇದನ್ನ ಗೋಡೆ ಪಕ್ಕದ ನಿಮ್ಮ ಕುರ್ಚೀಲೇ ಕೂತು, ಚಹಾ ಹೊತ್ತಲ್ಲಿ ನನ್ನ ಕಿವೀಲಿ ಹೇಳಿದ್ರೆ ಆಗ್ತಿತ್ತಲ್ಲ,” ಎಂದ ಕೋಲ್ಟನ್. “ಯಾರು ಕೇಳ್ತಿದ್ರು? ಇನ್ನು ಆ ಕುರ್ಚಿ ಸಿಗಲ್ಲ ನಿಮಗೆ.”

“ಸಿಗಲ್ಲ,” ಎಂದ ವರ್ಲಿನ್. “ಅಲ್ಲಿ ಕೂತ್ರೆ ನಂಗೆ ಇನ್ನೂ ವೋಟಿದೆ ಅಂತ ಅನ್ಸತ್ತೆ. ಇಲ್ಲ ಕೋಲ್ಟನ್. ನಿಮಗಿದೆ. ಅದನ್ನ ಕೇಳೋಕೆ ಬಂದೆ.”

ಕೋಲ್ಟನ್ ಚೀಟಿಯನ್ನು ಜೇಬಿಗೆ ಹಾಕಿಕೊಂಡ. ಒಳಗೆ ಹೋದ. ಬಾಗಿಲು ಮುಚ್ಚಿತು.

ಬೋರ್ಡಿನ ಮತಕ್ಕೆ ಸದ್ದಿಲ್ಲ. ಹೊರಗೆ ನಿಂತವರಿಗೆ ಏನೂ ಕೇಳುವುದಿಲ್ಲ. ವರ್ಲಿನ್ ಮರದ ಬಾಗಿಲನ್ನು ನೋಡುತ್ತಾ ನಿಂತಿದ್ದ. ಒಳಗೆ ಹೋಗಿ ಒಂದೇ ಒಂದು ಕಣ್ಣು ಹಾಯಿಸಲು ಅವನ ಜೀವ ಹಾತೊರೆಯಿತು. ಹಂಬಲ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಕಡಿಮೆಯಾಗುವುದೂ ಇಲ್ಲವೆಂದು ಅವನಿಗೆ ಈಗ ಗೊತ್ತಿತ್ತು.

ಕೊನೆಗೆ ಬಾಗಿಲು ತೆರೆದು ಓರ್ಲಿನ್ ಹೊರಗೆ ಬಂದ. ಅವನು ಮುಖದಲ್ಲಿ ಏನೂ ತೋರಿಸುವ ಹಾಗಿಲ್ಲ, ಕೆಲಸದ ಕಟ್ಟು. ಹಗ್ಗ ನೆಟ್ಟಗೆ ಮಾಡುವ ನೆಪದಲ್ಲಿ ಹತ್ತಿರ ಬಂದು ಬಗ್ಗಿದ.

“ಮೂರು ವೋಟು ಹೆಚ್ಚು ಬಂತು,” ಎಂದು ಪಿಸುಗುಟ್ಟಿದ. “ನಿಮ್ಮ ಸೀಟು ಹಸಿರು, ಶಾಸಕರೇ.”

“ಅದು ನನ್ನ ಸೀಟಲ್ಲ ಓರ್ಲಿನ್,” ಎಂದ ವರ್ಲಿನ್. ಮುಂದೆ ಏನೋ ಹೇಳಹೋದ, ಆದರೆ ಮೈಕಿಲ್ಲದೆ ಅಂಗಳ ನಡುಗಿಸುತ್ತಿದ್ದ ಆ ಗಂಟಲಿನಿಂದ ದನಿಯೇ ಹೊರಡಲಿಲ್ಲ. ಎಲ್ಲ ನೀಲಿ ಬ್ಯಾಡ್ಜಿನವರ ನಡುವೆ ನಿಂತು ಅವನು ಅತ್ತ.